ಎಂಟು ಯುಗಾದಿಗಳ ಕರಾರು

ನಮ್ಮ ಮನೆ ಶಹಾಪುರದ ಹೊಸ ಬಡಾವಣೆಯಲ್ಲಿದೆ. ಮನೆ ಎನ್ನುವುದಕ್ಕಿಂತ, ಒಂದೇ ಗೋಡೆಗೆ ಬೆನ್ನು ಹಚ್ಚಿ ನಿಂತ ಎರಡು ಮನೆಗಳು ಎನ್ನಬೇಕು. ಎಡಗಡೆಯದು ನಮ್ಮದು, ಬಲಗಡೆಯದು ನನ್ನ ಮೈದುನನದು. ಮೈದುನನ ಹೆಂಡತಿ ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ತಂಗಿ. ನಾನು ಮದುವೆಯಾಗಿ ಬಂದು ನಾಲ್ಕು ವರ್ಷವಾದ ಮೇಲೆ ಅತ್ತೆ ಚಿಕ್ಕ ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ‘ನನ್ನ ತಂಗೀನ ತರ್ರಿ ಅತ್ತಿ, ಅಕ್ಕ ತಂಗೇರಿದ್ರ ಮನ್ಯಾಗ ಜಗಳ ಇರಂಗಿಲ್ಲ’ ಎಂದು ಬಾಯಿ ಹಾಕಿದವಳು ನಾನೇ. ಇಪ್ಪತ್ತೆಂಟು ವರ್ಷ ನಮ್ಮ ಮನೆಯಲ್ಲಿ ಜಗಳ ಇರಲಿಲ್ಲ. ಈಗಲೂ ಜಗಳವೇನೂ ಇಲ್ಲ. ನಾನು ಹೇಳಹೊರಟದ್ದು ಬೇರೆ.

ಮನೆ ಕಟ್ಟಿ ಮುಗಿದಾಗ ಎರಡು ಬಾಗಿಲುಗಳ ನಡುವೆ ಹತ್ತು ಹೆಜ್ಜೆ ಅಗಲದ ಮಣ್ಣು ಉಳಿಯಿತು. ಮಿಕ್ಕ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿಯಾಗಿತ್ತು. ಅಲ್ಲಿ ಒಂದು ಗಿಡ ಹಚ್ಚಬಹುದಿತ್ತು, ಎರಡಕ್ಕೆ ಜಾಗವಿರಲಿಲ್ಲ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುತ್ತೇವೆ. ಮಾಳಿಗೆ ದಾಟಿ ಬೆಳೆದರೂ ಅದು ಗಿಡವೇ.

ತಂಗಿಗೆ ಬಾಟಲ್ ಪಾಮ್ ಬೇಕಾಗಿತ್ತು. ಯಾದಗಿರಿ ರಸ್ತೆಯ ನರ್ಸರಿಯಲ್ಲಿ ನೋಡಿ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಉಬ್ಬಿದ ಬೂದು ಬಣ್ಣದ ಬೊಡ್ಡೆ, ತಲೆಯ ಮೇಲೆ ನಾಲ್ಕು ಗರಿ, ಅಷ್ಟೇ. ‘ನೆರಳಿಲ್ಲ, ಹಣ್ಣಿಲ್ಲ, ಹೊಟ್ಟಿ ಒಂದ ಅದ. ಥೇಟ್ ನಮ್ಮ ಹೆಡ್ ಮಾಸ್ತರ ಪ್ರಾರ್ಥನಾಕ್ಕ ನಿಂತಂಗ ಕಾಣ್ತದ’ ಎಂದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ನಾಲಿಗೆ ಸ್ವಲ್ಪ ಹರಿತ. ಅವಳು ನಕ್ಕಳು, ಆದರೆ ಹಟ ಬಿಡಲಿಲ್ಲ.

‘ಶೋ ಗಿಡ ಅಂದ್ರ ಹಂಗ ಇರ್ತಾವಕ್ಕ. ಅಂಗಳ ಹೊಲಸಾಗಂಗಿಲ್ಲ, ಇರಿವಿ ಹತ್ತಂಗಿಲ್ಲ, ದಾರ್ಯಾಗ ಹೋಗೋರು ಕಲ್ಲ ಒಗಿಯಂಗಿಲ್ಲ. ಮಂದಿ ಬಂದ್ರ ಮನಿ ಎದ್ದ ಕಾಣಬೇಕು’ ಎಂದಳು.

ನನಗೆ ಮಾವಿನ ಗಿಡ ಬೇಕಾಗಿತ್ತು. ಪೇಟೆಯಿಂದ ತಂದ ಕಸಿ ಗಿಡವಲ್ಲ, ನಮ್ಮ ಅಪ್ಪನ ಗಿಡದ ಗೊರಟೆಯಿಂದ ಎದ್ದ ಗಿಡ.

ನಮ್ಮ ತವರು ಕೆಂಭಾವಿಯ ಹತ್ತಿರದ ಒಂದು ಹಳ್ಳಿ. ಹೊಲದ ಬದುವಿನ ಮೇಲೆ ಅಪ್ಪ ಹಚ್ಚಿದ ಒಂದೇ ಒಂದು ಮಾವಿನ ಗಿಡವಿತ್ತು. ಹಣ್ಣು ದೊಡ್ಡದಲ್ಲ, ನಾರು ಬಹಳ, ಗೊರಟೆಯ ಹತ್ತಿರ ಬಂದರೆ ಹುಳಿ. ಸಂತೆಗೆ ಒಯ್ದರೆ ಯಾರೂ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಆದರೆ ಆ ಹಣ್ಣಿನ ಸೀಕರಣೆಗೆ ಬೆಲ್ಲ ಬೇಕಾಗುತ್ತಿರಲಿಲ್ಲ, ಮತ್ತು ಅಕ್ಕತಂಗಿಯರಿಬ್ಬರೂ ಗೊರಟೆ ಬಿಳುಪಾಗುವವರೆಗೂ ಚೀಪುತ್ತಿದ್ದೆವು. ಅಪ್ಪ ಹೋದ ಮೇಲೆ, ಕಾಲುವೆಯ ನೀರು ನಂಬಿ ಅಣ್ಣ ಜೋಳದ ಹೊಲವನ್ನು ಭತ್ತದ ಗದ್ದೆ ಮಾಡಿದ. ಗಿಡದ ಬುಡದಲ್ಲಿ ವರ್ಷವಿಡೀ ನೀರು ನಿಂತಿತು.

ಕಾಯಿ ಬಿಡುವ ಗಿಡಕ್ಕೆ ನಮ್ಮಲ್ಲಿ ಕೊಡಲಿ ಹಚ್ಚುವುದಿಲ್ಲ. ಹಚ್ಚಿದರೆ ಹಚ್ಚಿದವನಿಗೂ ಹಚ್ಚು ಎಂದವನಿಗೂ ಪಾಪ ತಟ್ಟುತ್ತದೆ ಎಂಬ ನಂಬಿಕೆ. ಇನ್ನೂ ಕಾಯಿ ಬಿಡದ ಗಿಡವನ್ನು ಕಡಿಯಬಹುದು, ಒಣಗಿದ್ದನ್ನಂತೂ ಧಾರಾಳವಾಗಿ ಕಡಿಯಬಹುದು. ಅಣ್ಣ ಗಿಡವನ್ನು ಕಡಿಯಲಿಲ್ಲ. ನೀರು ಕುಡಿದು ಕುಡಿದು ಅದೇ ಒಣಗಿತು. ‘ನಾ ಏನ ಮಾಡಲವ್ವ, ತಾನ ಸತ್ತದ’ ಎಂದು ನಮ್ಮಿಬ್ಬರ ಮುಂದೆ ಕೈ ಚೆಲ್ಲಿ ಕುಳಿತ. ಗಿಡ ಬಾಡತೊಡಗಿದ ಕೊನೆಯ ಬೇಸಿಗೆಯಲ್ಲಿ ಬಿಟ್ಟ ಹಣ್ಣುಗಳ ಪೈಕಿ ಒಂದರ ಗೊರಟೆಯನ್ನು ನಾನು ಎಣ್ಣೆಯ ಡಬ್ಬಿಯಲ್ಲಿ ಊರಿದ್ದೆ. ಮನೆ ಪ್ರವೇಶದ ಹೊತ್ತಿಗೆ ಅದು ಮೊಣಕಾಲುದ್ದ ಬೆಳೆದು ನಿಂತಿತ್ತು. ಅಪ್ಪನ ಗಿಡದ ಸಂತಾನವೆಂದು ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ.

ಇದನ್ನೆಲ್ಲ ತಂಗಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಆದರೂ ನಾಲ್ಕು ದಿನ ಅವಳು ಮುಖ ಊದಿಸಿಕೊಂಡಿದ್ದಳು. ಐದನೆಯ ದಿನ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಬಂದು ನನ್ನ ಪಕ್ಕದಲ್ಲಿ ಕೂತಳು.

‘ಹಚ್ಚಕ್ಕ. ಅಪ್ಪನ ಗಿಡ ಅಂದ್ರ ನಂದೂ ಅಲ್ಲೇನು? ಆದ್ರ ಒಂದು ಕರಾರು. ಗೊರಟಿ ಗಿಡ, ಯಾವಾಗ ಕಾಯಿ ಬಿಡ್ತದೋ ದೇವರಿಗೇ ಗೊತ್ತು. ಎಂಟು ಯುಗಾದಿ ನೋಡ್ತೀನಿ. ಅಷ್ಟ್ರಾಗ ಒಂದು ಕಾಯಿ ಕಚ್ಚಿದ್ರೂ ಗಿಡ ನಿಂದು, ನಾ ತುಟಿ ಎರಡು ಮಾಡಂಗಿಲ್ಲ. ಕಚ್ಚಲಿಲ್ಲಂದ್ರ ಕಡಸಿ ನನ್ನ ಪಾಮ್ ಹಚ್ಚೂದು.’

‘ಆಗ್ಲಿ’ ಎಂದು ಅವಳ ಅಂಗೈಗೆ ಅಂಗೈ ತಟ್ಟಿದೆ. ಎಂಟು ವರ್ಷವೆಂದರೆ ಕೈ ತಟ್ಟುವಾಗ ಬಹಳ ದೂರ ಕಾಣುತ್ತದೆ.

ಗಿಡ ಚೆನ್ನಾಗಿಯೇ ಬೆಳೆಯಿತು. ಮೂರನೆಯ ವರ್ಷಕ್ಕೆ ಕಿಟಕಿಗೆ ಬಂತು, ಆರನೆಯ ವರ್ಷಕ್ಕೆ ಮಾಳಿಗೆಯ ಅಂಚಿನ ಕಟಾಂಜನ ಮುಟ್ಟಿತು. ಎಲೆ ದಟ್ಟವಾಗಿ ಬಂದವು, ಹೂವಿನ ಸುಳಿವಿರಲಿಲ್ಲ. ಪ್ರತಿ ಯುಗಾದಿಗೆ ತಂಗಿ ತೋರಣಕ್ಕೆ ಎಲೆ ಕೀಳುತ್ತ ‘ಇದು ಒಂದಾತು’, ‘ಇದು ನಾಕಾತು’ ಎಂದು ನನ್ನನ್ನು ಕಾಡುತ್ತಿದ್ದಳು. ನಾನು ಬುಡಕ್ಕೆ ಬೂದಿ ಹಾಕಿದೆ, ಬೇವಿನ ಹಿಂಡಿ ಹಾಕಿದೆ, ಯಾರೋ ಹೇಳಿದರೆಂದು ಒಂದು ಮಾಗಿಯಲ್ಲಿ ನೀರು ಹಾಕುವುದನ್ನು ನಿಲ್ಲಿಸಿ ಬಿಸಿಲಿಗೆ ಬಿಟ್ಟೆ. ನನ್ನ ಗಂಡ ಪೇಪರಿನಿಂದ ತಲೆ ಎತ್ತದೆಯೇ ‘ಕಸಿ ಗಿಡ ಹಚ್ಚಿದ್ರ ಇಷ್ಟೊತ್ತಿಗೆ ಉಪ್ಪಿನಕಾಯಿ ಹಾಕ್ತಿದ್ದಿ’ ಎನ್ನುತ್ತಿದ್ದರು. ಅವರು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಸಿಟ್ಟು ಬರುತ್ತಿತ್ತು.

ಎಂಟನೆಯ ಯುಗಾದಿಗೆ ಎರಡು ತಿಂಗಳಿರುವಾಗ ಗಿಡ ಹೂ ಬಿಟ್ಟಿತು.

ಬೆಳಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದೆ. ತಲೆಯ ಮೇಲಿನ ಟೊಂಗೆಯ ತುದಿಯಲ್ಲಿ ಕೆಂಪು ಹಳದಿ ಕಲೆತ ಒಂದು ಗೊಂಚಲು. ತಂಬಿಗೆ ಕೆಳಗಿಟ್ಟು ನೇರ ತಂಗಿಯ ಅಡುಗೆಮನೆಗೆ ನಡೆದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ಹಿಡಿದು ಎಳೆದುಕೊಂಡು ಬಂದು ತೋರಿಸಿದೆ. ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ‘ಯವ್ವಾ, ಅಪ್ಪ ಬಂದಂಗ ಆತು ನೋಡಕ್ಕ’ ಎಂದಳು. ನನ್ನ ಬೆನ್ನ ಮೇಲೆ ಅವಳ ಐದು ಬೆರಳು ಬಿಳಿಯಾಗಿ ಮೂಡಿದ್ದವು. ಹಾಗೆಯೇ ಶಾಲೆಗೆ ಹೋಗಿಬಿಡುತ್ತಿದ್ದೆ, ಗಂಡ ಕರೆದು ಒರೆಸಿದರು.

ಈಗ ಯೋಚಿಸಿದರೆ, ಹೇಳಬಾರದಿತ್ತು. ಕಾಯಿ ಬೋರೆಹಣ್ಣಿನಷ್ಟಾಗಿ ಎಲ್ಲರ ಕಣ್ಣಿಗೆ ಬೀಳುವವರೆಗೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆಮೇಲೆ ದೇವೇಂದ್ರನೇ ಬಂದರೂ ಆ ಗಿಡಕ್ಕೆ ಕೊಡಲಿ ತರಲಾಗುತ್ತಿರಲಿಲ್ಲ. ಆದರೆ ಇಂಥ ಸುದ್ದಿಯನ್ನು ಒಡಹುಟ್ಟಿದವಳಿಗೆ ಹೇಳದೆ ಇನ್ನಾರಿಗೆ ಹೇಳುವುದು?

ಹೂ ಹೆಚ್ಚಾಗಿ ಬಂದದ್ದು ಮೇಲಿನ ಟೊಂಗೆಗಳಲ್ಲಿ. ಮಾಳಿಗೆಗೆ ಹೋಗುವ ಮೆಟ್ಟಿಲು ತಂಗಿಯ ಮನೆಯ ಕಡೆಗಿದೆ. ನನ್ನ ಮೊಣಕಾಲಿಗೆ ಆ ಮೆಟ್ಟಿಲು ಹತ್ತುವ ಶಕ್ತಿ ಹೋಗಿ ಮೂರು ವರ್ಷವಾಗಿತ್ತು. ದಿನಾ ಸಂಜೆ ಅವಳು ಒಣಗಿದ ಬಟ್ಟೆ ತೆಗೆಯಲು ಮೇಲೆ ಹೋದಾಗ ನಾನು ಕೆಳಗೆ ನಿಂತು ಕೂಗುತ್ತಿದ್ದೆ.

‘ಕಚ್ಚ್ಯಾವೇನು?’

‘ಇನ್ನಾ ಇಲ್ಲಕ್ಕ. ಬರೇ ಹೂವ ಅವ.’

ಕೆಳಗೆ ನನಗೆ ಕಾಣುತ್ತಿದ್ದ ಗೊಂಚಲು ಜಿಗಿ ಹುಳ ಬಿದ್ದು ಕಪ್ಪಾಗಿ ಉದುರಿತು. ಫರಸಿಯ ಮೇಲೆ ಅಂಟು ಅಂಟು. ಅವಳೇ ಬಕೆಟ್ಟು ನೀರು ತಂದು ತಿಕ್ಕಿ ತೊಳೆದಳು. ‘ಮ್ಯಾಲಿನವು ಛಲೋ ಅವಕ್ಕ, ನೀ ಹೆದರಬ್ಯಾಡ’ ಎಂದಳು. ಮೇಲಿನದನ್ನು ನಾನು ಅವಳ ಕಣ್ಣಿನಿಂದಲೇ ನೋಡುತ್ತಿದ್ದೆ.

ಅಷ್ಟರಲ್ಲಿ ಅವಳ ಮಗಳಿಗೆ ಸುರಪುರದಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ, ಬಸ್‌ಸ್ಟ್ಯಾಂಡಿನ ಹತ್ತಿರ ದೊಡ್ಡ ಬಟ್ಟೆ ಅಂಗಡಿ. ಹೆಣ್ಣು ನೋಡಲು ಭಾನುವಾರ ಬರುತ್ತೇವೆಂದು ಹೇಳಿ ಕಳಿಸಿದರು. ಅದೇ ವಾರ ನನಗೆ ಯಾದಗಿರಿಯಲ್ಲಿ ಆರು ದಿನದ ತರಬೇತಿ ಬಿತ್ತು. ಅಲ್ಲಿಯೇ ಉಳಿಯಬೇಕೆಂದು ಆದೇಶ. ಯಾದಗಿರಿಗೂ ನಮಗೂ ಬಸ್ಸಿನಲ್ಲಿ ಎಷ್ಟು ದೂರ, ದಿನಾ ಹೋಗಿ ಬರುತ್ತೇನೆ ಎಂದು ಕೇಳಿ ನೋಡಿದೆ. ಆಗುವುದಿಲ್ಲ ಎಂದರು. ಶನಿವಾರ ಸಂಜೆ ಬಂದುಬಿಡುತ್ತೇನೆ, ಭಾನುವಾರ ಅಡುಗೆ ನನ್ನದು ಎಂದು ತಂಗಿಗೆ ಹೇಳಿ ಹೋದೆ. ಹೋಗುವಾಗ ಗಿಡಕ್ಕೊಂದು ತಂಬಿಗೆ ನೀರು ಹಾಕಿ ಹೋದೆ.

ಗುರುವಾರ ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತಿದ್ದಾಗ ಅವಳ ಫೋನು ಬಂತು. ದನಿ ಬಿದ್ದುಹೋಗಿತ್ತು.

‘ಅಕ್ಕ, ಹೆಂಗ ಹೇಳಲಿ ನಿನಗ. ಹೂವೆಲ್ಲ ಉದುರಿ ಹೋದ್ವು. ನಿನ್ನೆ ಮುಂಜಾನಿ ಮಂಜ ಬಿದ್ದಿತ್ತು. ಇವತ್ತ ಮ್ಯಾಲ ಹೋಗಿ ನೋಡ್ತೀನಿ, ಬರೇ ಕಡ್ಡಿ ನಿಂತಾವ. ಒಂದೂ ಕಚ್ಚಿಲ್ಲಕ್ಕ.’

ನಾನು ತಟ್ಟೆ ಹಿಡಿದುಕೊಂಡು ಸಾಲಿನಿಂದ ಹೊರಗೆ ಬಂದೆ.

‘ಒಂದೂ ಇಲ್ಲ?’

‘ಅಪ್ಪನ ಆಣಿ ಅಕ್ಕ.’

ಆಮೇಲೆ ಅವಳೇ, ಕೇಳಬಾರದ್ದನ್ನು ಕೇಳುವವಳ ಹಾಗೆ, ‘ಭಾನುವಾರ ಸುರಪುರದವರು ಬರಾಕತ್ತಾರ. ಅಂಗಳದ ತುಂಬ ಅಂಟು, ಇರಿವಿ. ಯುಗಾದಿ ಮೂರು ವಾರ ಉಳದದ, ಈ ವರ್ಷ ಇನ್ನ ಹೂ ಬರಂಗಿಲ್ಲ. ನೀ ಹೂಂ ಅಂದ್ರ...’ ಎಂದು ನಿಲ್ಲಿಸಿದಳು.

ನಾನು ಗಣಿತದವಳು. ಕರಾರು ಎಂದರೆ ಕರಾರು. ಗೆದ್ದಿದ್ದರೆ ಗಿಡ ನನ್ನದೆನ್ನುತ್ತಿದ್ದವಳು ಸೋತಾಗ ಮೂರು ವಾರಕ್ಕೆ ಜಗ್ಗಾಡಬಾರದು ಎಂದುಕೊಂಡೆ. ಅವಳ ಮಗಳು ನನ್ನ ಕೈಯಲ್ಲಿ ಬೆಳೆದ ಹುಡುಗಿ, ಅವಳ ಮದುವೆಗಿಂತ ಒಂದು ಗಿಡ ಹೆಚ್ಚೇ ಎಂದೂ ಅನ್ನಿಸಿತು. ‘ನಿನ್ನ ಮನಸ್ಸಿಗೆ ಬಂದಂಗ ಮಾಡು’ ಎಂದೆ.

‘ಹಂಗಂದ್ರ ಆಗಂಗಿಲ್ಲಕ್ಕ. ಕಡಿಯಾವ ಇಲ್ಲೇ ನಿಂತಾನ. ಅವನ ಮುಂದ ಹೇಳು’ ಎಂದು ಫೋನನ್ನು ಅವನ ಕೈಗೆ ಕೊಟ್ಟಳು.

ಅವನು ಸಾ ಮಿಲ್ಲಿಗೆ ಕಟ್ಟಿಗೆ ಕಡಿಯುವವನು, ವಯಸ್ಸಾದ ದನಿ. ‘ಶರಣ್ರಿ ಟೀಚರ್ರಿ. ಹಚ್ಚಿದವರು ನೀವಂತ. ಕಾಯಿ ಬಿಟ್ಟ ಗಿಡಕ್ಕ ನಾ ಕೈ ಹಚ್ಚಂಗಿಲ್ರಿ. ಇದು ಇನ್ನಾ ಬಿಟ್ಟಿಲ್ಲ ಅಂತಾರ ನಿಮ್ಮ ತಂಗಿ. ಖರೇ ಏನ್ರಿ?’

‘ಖರೇ’ ಎಂದೆ.

‘ಕಡೀಲೇನ್ರಿ ಹಂಗಾರ?’

‘ಕಡೀರಿ.’

ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ತರಬೇತಿಯಲ್ಲಿ ಏನು ಹೇಳಿದರೋ ಕಿವಿಗೆ ಬೀಳಲಿಲ್ಲ.

ಶನಿವಾರ ಸಂಜೆ ಬಂದು ನೋಡಿದರೆ ಅಂಗಳ ಎಂದೂ ಅಷ್ಟು ಸ್ವಚ್ಛವಾಗಿರಲಿಲ್ಲ. ಒಂದು ಎಲೆಯಿಲ್ಲ, ಒಂದು ಹೂವಿನ ಕಡ್ಡಿಯಿಲ್ಲ, ಕಟ್ಟಿಗೆಯ ಪುಡಿಯೂ ಇಲ್ಲ. ಬುಡವನ್ನು ಕೂಡ ಅಗೆಸಿ ತೆಗೆಸಿದ್ದಳು. ಅಲ್ಲಿ ಆಗಲೇ ಎರಡು ಬಾಟಲ್ ಪಾಮ್ ಹೊಟ್ಟೆ ಮುಂದೆ ಮಾಡಿ ನಿಂತಿದ್ದವು. ಹತ್ತು ಹೆಜ್ಜೆಯ ಮಣ್ಣಿನಲ್ಲಿ ಎರಡಕ್ಕೆ ಜಾಗವಿತ್ತು ಎಂದು ಆಗ ಗೊತ್ತಾಯಿತು.

ತಂಗಿ ಓಡಿಬಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ‘ಹೋಗ್ಲಿ ಬಿಡು, ನಮ್ಮ ಹಣ್ಯಾಗ ಬರದಿರಲಿಲ್ಲ’ ಎಂದು ಅವಳ ಬೆನ್ನು ಸವರಿ ಸಮಾಧಾನ ಮಾಡಿದವಳು ನಾನು. ಇದನ್ನು ಬರೆಯುವಾಗ ನನ್ನ ಕೈಯ ಮೇಲೆ ನನಗೇ ಸಿಟ್ಟು ಬರುತ್ತದೆ.

ಸುರಪುರದವರು ಬಂದರು. ಗಂಡಿನ ತಾಯಿ ಅಂಗಳದಲ್ಲೇ ನಿಂತು ‘ಮನಿ ಭಾಳ ಛಂದ ಇಟ್ಟೀರಿ’ ಎಂದರು. ಸಂಬಂಧ ಕೂಡಿತು, ಮದುವೆಯಾಯಿತು. ಹುಡುಗಿಗೆ ಉಡಿ ತುಂಬಿ ಕಳಿಸುವಾಗ ನಾನೇ ಮುಂದೆ ನಿಂತೆ. ಗಿಡದ ಮಾತು ಬಂದಾಗಲೆಲ್ಲ ತಪ್ಪು ನನ್ನದೆಂದೇ ಹೇಳುತ್ತಿದ್ದೆ. ಗೊರಟೆಯ ಗಿಡ ನಂಬಿ ಕೂಡಬಾರದು, ಕಸಿ ಗಿಡವೇ ಸರಿ ಎಂದು ಸ್ಟಾಫ್ ರೂಮಿನಲ್ಲಿ ಹೊಸಬರಿಗೆ ಉಪದೇಶ ಕೊಡುವಷ್ಟು ಜಾಣೆಯಾಗಿದ್ದೆ.

ಒಂದು ವರ್ಷ ಕಳೆಯಿತು. ಮರುವರ್ಷದ ಯುಗಾದಿಗೆ ಎರಡು ದಿನ ಮೊದಲು ತಂಗಿ ಜ್ವರ ಬಂದು ಮಲಗಿದಳು. ಯುಗಾದಿಯ ಹಿಂದಿನ ದಿನ ನನ್ನನ್ನು ಕರೆದು, ‘ಜಗಲಿ ಒರಸಿ ಒಂದೀಟು ಪೂಜಿ ಮಾಡಿ ಬಿಡಕ್ಕ. ನನ್ನ ಕೈಲಿ ಏಳಾಕ ಆಗವಲ್ದು’ ಎಂದಳು. ದೇವರನ್ನಿಡುವ ಕಟ್ಟೆಗೆ ನಮ್ಮಲ್ಲಿ ಜಗಲಿ ಎನ್ನುತ್ತಾರೆ. ತೋರಣಕ್ಕೆ ಪೇಟೆಯಿಂದ ಕೊಂಡು ತಂದ ಮಾವಿನ ಎಲೆಯ ಕಟ್ಟನ್ನು ಪಕ್ಕಕ್ಕಿಟ್ಟು ಒಂದೊಂದೇ ಸಾಮಾನು ಇಳಿಸಿದೆ. ದೀಪದ ಕಂಬ, ವಿಭೂತಿ ಗಟ್ಟಿ, ಅತ್ತೆಯ ಕಾಲದ ಶಿವಪಾರ್ವತಿಯ ಪಟ.

ಪಟದ ಹಿಂದೆ ಅರಿಶಿಣ ಹತ್ತಿದ ಒಂದು ಬಟ್ಟೆಯ ಗಂಟು ಇತ್ತು. ಹರಕೆಯ ಗಂಟಿರಬೇಕು ಎಂದು ತೆಗೆದೆ. ಗಂಟು ಸಡಿಲವಾಗಿತ್ತು, ಬಿಚ್ಚಿಕೊಂಡಿತು.

ಮೂರು ಮಾವಿನ ಮಿಡಿಗಳು. ಒಣಗಿ ಸುಕ್ಕಾಗಿ ಕಪ್ಪಾಗಿದ್ದವು. ಒಣಗಿದ ಮೇಲೂ ಬೋರೆಹಣ್ಣಿನಷ್ಟಿದ್ದವು, ಅಂದರೆ ಕೀಳುವಾಗ ನಿಂಬೆಕಾಯಿಯ ಹತ್ತಿರಕ್ಕೆ ಬಂದಿದ್ದವು. ತಾನಾಗಿ ಉದುರಿದ ಮಿಡಿಗೆ ತೊಟ್ಟು ಇರುವುದಿಲ್ಲ. ಇವಕ್ಕೆ ಮೂರಕ್ಕೂ ಬೆರಳುದ್ದದ ತೊಟ್ಟಿತ್ತು. ಮುರಿದ ತುದಿಯಲ್ಲಿ ಸೊನೆ ಸೋರಿ ಕರ್ರಗೆ ಗಟ್ಟಿಯಾಗಿತ್ತು. ಕೈಯಿಂದ ಮುರಿದದ್ದು.

ಮಿಡಿ ಅಷ್ಟು ದೊಡ್ಡದಾಗಲು ತಿಂಗಳಾದರೂ ಬೇಕು. ನಾನು ಕೆಳಗೆ ನಿಂತು ದಿನಾ ಕೂಗಿ ಕೇಳುತ್ತಿದ್ದ ಆ ಸಂಜೆಗಳಲ್ಲೆಲ್ಲ ಅವು ಅವಳ ಕಣ್ಣೆದುರಿಗೇ ಬೆಳೆಯುತ್ತಿದ್ದವು. ಹೂ ಉದುರಿದ್ದು ಸುಳ್ಳು, ಮಂಜು ಬಿದ್ದದ್ದು ಸುಳ್ಳು, ಅಪ್ಪನ ಆಣೆ ಸುಳ್ಳು. ಅಂಗಳ ಅಷ್ಟು ಸ್ವಚ್ಛವಾಗಿದ್ದುದು ಏಕೆಂದು ಈಗ ತಿಳಿಯಿತು. ಆ ಮುದುಕನ ಮುಂದೆ ನನ್ನ ಬಾಯಿಂದ ‘ಖರೇ’ ಎನ್ನಿಸಿದ್ದಳು. ಗಿಡ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಉರಿಯಿತು. ಅವಳು ನೇರ ಬಂದು ‘ಮಗಳ ಸಲುವಾಗಿ ಗಿಡ ಬಿಟ್ಟುಕೊಡು’ ಎಂದು ಕೇಳಿದ್ದರೆ, ಬೈಯುತ್ತ ಬೈಯುತ್ತ ಕೊಟ್ಟುಬಿಡುತ್ತಿದ್ದೆನೋ ಏನೋ. ಅವಳು ಕೇಳಲಿಲ್ಲ.

ಮಿಡಿಗಳನ್ನು ಹಿಸುಕಿ ನೋಡಿದೆ. ಒಳಗೆ ಗೊರಟೆ ಇನ್ನೂ ಕಟ್ಟಿರಲಿಲ್ಲ. ಊರಿದರೆ ಏಳುವಂಥದ್ದು ಏನೂ ಇರಲಿಲ್ಲ.

ಜಗಲಿ ಒರೆಸಿದೆ, ಪಟ ಮೊದಲಿನ ಜಾಗದಲ್ಲಿಟ್ಟೆ, ದೀಪ ಹಚ್ಚಿ ಪೂಜೆ ಮುಗಿಸಿದೆ. ಆರತಿಯ ತಟ್ಟೆಯಲ್ಲಿ ವಿಭೂತಿಯ ಪಕ್ಕಕ್ಕೆ ಆ ಮೂರು ಮಿಡಿಗಳನ್ನಿಟ್ಟುಕೊಂಡು ಅವಳ ಮಂಚದ ಹತ್ತಿರ ಹೋದೆ. ದೀಪಕ್ಕೆ ಕೈ ಚಾಚಿದವಳು ತಟ್ಟೆ ನೋಡಿದಳು. ಕೈ ಅಲ್ಲೇ ನಿಂತಿತು. ಅವಳು ಅಳುತ್ತಾಳೆ, ಕಾಲು ಹಿಡಿಯುತ್ತಾಳೆ, ಇಲ್ಲವೇ ಇನ್ನೊಂದು ಸುಳ್ಳು ಹೇಳುತ್ತಾಳೆ ಎಂದು ನಾನು ಮೂರಕ್ಕೂ ತಯಾರಾಗಿ ನಿಂತಿದ್ದೆ.

‘ನಿನ್ನ ಸಲುವಾಗೇ ಇಟ್ಟೀನಕ್ಕ’ ಎಂದಳು.

‘ನನ್ನ ಸಲುವಾಗಿ?’

‘ಕಡೀರಿ ಅಂದಾಕಿ ನೀನ ಅಲ್ಲೇನು? ನಾ ಅಂದಿಲ್ಲ, ನೀ ಅಂದಿ. ಕಾಯಿ ಬಿಟ್ಟ ಗಿಡ ಕಡಿಸಿದ ಪಾಪ ನಿನಗ ತಟ್ಟಬಾರದು ಅಂತ ದಿನಾ ಇವುಕ್ಕ ದೀಪ ಹಚ್ಚಾಕತ್ತೀನಿ. ಒಂದಿನಾನೂ ತಪ್ಪಿಸಿಲ್ಲ.’

ಸುಮ್ಮನೆ ಹೇಳಿದಳು, ಉಪಕಾರ ಮಾಡಿದವರು ಹೇಳುವ ದನಿಯಲ್ಲಿ. ಕಣ್ಣು ಕೂಡ ತಗ್ಗಿಸಲಿಲ್ಲ.

ಜ್ವರದ ತಾಪದಲ್ಲಿ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಳ್ಳಲು ನನಗೆ ಬಹಳ ಆಸೆಯಾಯಿತು. ತಟ್ಟೆಯನ್ನು ಎಡಗೈಗೆ ಬದಲಿಸಿ ಅವಳ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.